ನಳಮೀಮಾಂಸೆ
ಸಿಂಧನೂರು, ಮಸ್ಕಿ, ಲಿಂಗಸುಗೂರು ತ್ರಿಕೋನದ ಬಚ್ಚಲುಗಳನ್ನು ಕುರಿತ ಒಂದು ಅಪ್ರೌಢ ಪ್ರಬಂಧ

1. ಪೀಠಿಕೆ

ಹೊಸ ಬಚ್ಚಲಿಗೆ ‘ಮಾಡರ್ನ್’ ನಳವೇ ಬೇಕೆಂದು ನಮ್ಮ ಮನೆಯಲ್ಲಿ ಠರಾವು ಪಾಸಾದ ದಿನವೇ ಈ ಸಂಶೋಧನೆಗೆ ನಾಂದಿಯಾಯಿತು. ಕ್ಷೇತ್ರಕಾರ್ಯಕ್ಕೆ ಮೇಲ್ಕಂಡ ತ್ರಿಕೋನವನ್ನು ಆರಿಸಿಕೊಂಡೆ. ಮೂರೂ ಊರು ಒಂದೇ ರಸ್ತೆಯ ಮೇಲಿವೆ, ತ್ರಿಕೋನ ಎಲ್ಲಿಂದ ಬಂತೆಂದು ಬಸ್ಸಿನ ಕಂಡಕ್ಟರ್ ಆಕ್ಷೇಪಿಸಿದರು. ನೇರ ದಾರಿಯಲ್ಲಿ ಹೋದವರಿಗೆ ಡಾಕ್ಟರೇಟ್ ಸಿಗುವುದಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ.

2. ವ್ಯುತ್ಪತ್ತಿ

ಬೆಂಗಳೂರಿನ ಕಡೆಯವರು ನಲ್ಲಿ ಎನ್ನುವುದು ನಮಗೆ ನಳ. ಸಂಸ್ಕೃತದಲ್ಲಿ ನಳವೆಂದರೆ ಜೊಂಡು ಎಂದಷ್ಟೇ ಹೇಳಿ ನಿಘಂಟುಕಾರರು ಕೈತೊಳೆದುಕೊಳ್ಳುತ್ತಾರೆ. (ಯಾವ ನಳದಲ್ಲಿ ತೊಳೆದುಕೊಂಡರೆಂದು ತಿಳಿಸುವುದಿಲ್ಲ.) ನಮ್ಮ ಮತವೇ ಬೇರೆ. ಮಹಾಭಾರತದ ನಳೋಪಾಖ್ಯಾನದಲ್ಲಿ ನಳಮಹಾರಾಜನಿಗೆ ವರುಣ ಬೇಕೆಂದಲ್ಲಿ ನೀರು ಬರುವ ವರ ಕೊಡುತ್ತಾನೆ. ಬಾಹುಕನೆಂಬ ಹೆಸರಿನಲ್ಲಿ ಮರೆಸಿಕೊಂಡಿದ್ದಾಗಲೂ ಅವನು ನೋಡಿದರೆ ಸಾಕು, ಖಾಲಿ ಕೊಡ ತುಂಬುತ್ತದೆ. ಕೈಯೊಡ್ಡಿದರೆ ಸುರಿಯುವ ಸೆನ್ಸರ್ ನಳದ ಮೂಲಪುರುಷ ಇವನೇ. ಅವನಿಗೆ ಬ್ಯಾಟರಿಯೂ ಬೇಕಿರಲಿಲ್ಲ, ನೀರು ಬಿಡುವ ಪಾಳಿಯೂ ಇರಲಿಲ್ಲ. ಕನಕದಾಸರ ‘ನಳಚರಿತ್ರೆ’ಯನ್ನು ಪ್ಲಂಬಿಂಗ್ ದೃಷ್ಟಿಯಿಂದ ಓದಿದ ವಿದ್ವಾಂಸರು ಇನ್ನೂ ಹುಟ್ಟಬೇಕಾಗಿದೆ.

3. ಪೂರ್ವಪಕ್ಷ: ಸಿಂಧನೂರು

ತುಂಗಭದ್ರಾ ಎಡದಂಡೆ ನಾಲೆ ಭತ್ತ ಬೆಳೆಸಿತು, ಭತ್ತ ಬಂಗಲೆ ಕಟ್ಟಿಸಿತು, ಬಂಗಲೆ ನಳದ ಅಂಗಡಿಗೆ ದಾರಿ ತೋರಿಸಿತು. ಅಂಗಡಿಯ ಗೋಡೆಯ ತುಂಬ ಪಿಲ್ಲರ್ ಕಾಕ್, ಆಂಗಲ್ ಕಾಕ್, ವಾಲ್ ಮಿಕ್ಸರ್. ಹಳೆಯ ನಳವನ್ನು ನಾಲ್ಕು ಸುತ್ತು ತಿರುಗಿಸಬೇಕಿತ್ತು. ಇವುಗಳೊಳಗೆ ಸೆರಾಮಿಕ್ ಬಿಲ್ಲೆಗಳಿರುವುದರಿಂದ ಕಾಲು ಸುತ್ತಿಗೇ ಕೆಲಸ ಮುಗಿಯುತ್ತದೆ. ಬೋರಿನ ನೀರಿನ ಜೊತೆ ಮರಳು ಬಂದರೆ ಬಿಲ್ಲೆಯ ಕೆಲಸವೂ ಮುಗಿಯುತ್ತದೆ.

“ಸರ, ಈಗ ಎಲ್ಲಾರೂ ಇದನ್ನ ಹಾಕಸಾಕತ್ತಾರ,” ಎಂದರು ಅಂಗಡಿಯವರು.

ನನ್ನ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: “ಇದರ ಕೆಳಗ ಬಕೀಟು ಕೂಡತೈತೇನ್ರಿ?”

ಅಂಗಡಿಯಲ್ಲಿ ಮೌನ ಆವರಿಸಿತು. ಮೂತಿಯಿಂದ ನೆಲಕ್ಕಿರುವ ಅಂತರವನ್ನು ಈ ಪ್ರಬಂಧ ಇನ್ನು ಮುಂದೆ ‘ಬಕೀಟು ಪ್ರಮಾಣ’ವೆಂದು ಕರೆಯುತ್ತದೆ.

4. ದೋಆಬ್ ಸಿದ್ಧಾಂತ

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಸೀಮೆಗೆ ರಾಯಚೂರು ದೋಆಬ್ ಎಂದು ಹೆಸರು; ಅರ್ಥ, ಎರಡು ನೀರು. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ, ನಡುವೆ ಒಂದು ಹಿಡಿಕೆ ಇರುವ ವಾಲ್ ಮಿಕ್ಸರ್ ಕೂಡ ದೋಆಬೇ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆತಲಾಂತರ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಗಳಿಂದ ರಾಯಚೂರು ಗೆದ್ದ. ನಮ್ಮ ಮನೆಯ ಹಿಡಿಕೆ ಎಡಕ್ಕಿರಬೇಕೋ ಬಲಕ್ಕೋ ಎಂಬ ಯುದ್ಧ ಮಾತ್ರ ಇನ್ನೂ ನಡೆದಿದೆ.

5. ಒತ್ತಡ ವಿಚಾರ

ನೀರು 10 ಮೀಟರ್ ಎತ್ತರದಿಂದ ಇಳಿದರೆ ಹತ್ತಿರಹತ್ತಿರ 1 ಬಾರ್ ಒತ್ತಡ. (ಬಾರ್ ಎಂಬ ಪದಕ್ಕೆ ಹೆದ್ದಾರಿಯ ಪಕ್ಕದಲ್ಲಿರುವ ಇನ್ನೊಂದು ಅರ್ಥ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.) ನಮ್ಮ ಟಾಕಿ ಷವರಿಗಿಂತ 2 ಮೀಟರ್ ಮೇಲಿದೆ, ಒತ್ತಡ 0.2 ಬಾರ್. ಅಂಗಡಿಯಲ್ಲಿ ಮೆಚ್ಚಿದ ಮಳೆ ಷವರ್ ಕೇಳುವುದು 1 ಬಾರ್. ಜೋಡಿಸಿ ತಿರುಗಿಸಿದಾಗ ಬಂದದ್ದು ರಾಯಚೂರು ಜಿಲ್ಲೆಯ ಮಳೆ.

“ನಳ ಚಲೋ ಐತ್ರಿ ಸರ, ನಿಮ್ಮ ಮನಿನs ಗಿಡ್ಡ ಐತಿ,” ಎಂದು ಪ್ಲಂಬರ್ ತೀರ್ಪಿತ್ತರು.

6. ಲೋಹ ವಿಚಾರ: ಲಿಂಗಸುಗೂರು

ಹಟ್ಟಿಯ ಚಿನ್ನದ ಗಣಿ ಇರುವ ತಾಲ್ಲೂಕಿದು. ಬಂಗಾರ ಬಣ್ಣದ ನಳ ತೋರಿಸಿದಾಗ ಉಗುರಿನಿಂದ ಕೆರೆದು ನೋಡುವ ಹಕ್ಕು ಇಲ್ಲಿನ ಗಿರಾಕಿಗೆ ಜನ್ಮಸಿದ್ಧ. ಒಳಗೆ ಹಿತ್ತಾಳೆ ಇದ್ದರೆ ಕೈಗೆ ಭಾರ ಹತ್ತುತ್ತದೆ, ಹಗುರಿದ್ದರೆ ಬಣ್ಣಕ್ಕೇ ದುಡ್ಡು ಕೊಟ್ಟಂತೆ. ಇಡೀ ಪ್ರಬಂಧದಲ್ಲಿ ಓದುಗರಿಗೆ ಉಪಯೋಗವಾಗುವ ವಾಕ್ಯ ಇದೊಂದೇ, ಪ್ರಮಾದವಶಾತ್ ನುಸುಳಿದೆ.

7. ಶಾಸನಾಧಾರ: ಮಸ್ಕಿ

1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ ಮೊದಲಾದ ಬಿರುದುಗಳಷ್ಟೇ ಇದ್ದವು. ಅಶೋಕನೆಂಬ ಹೆಸರು ಇಲ್ಲಿ ಸಿಕ್ಕಿತು. ಬಿಲ್ಲಿನ ಮೇಲೆ ಹೆಸರಿಲ್ಲದಿದ್ದರೆ ವಾರಂಟಿ ಇಲ್ಲವೆಂಬ ತತ್ವ ಇದರಿಂದ ಸಿದ್ಧವಾಗುತ್ತದೆ.

ನಮ್ಮ ನಳಕ್ಕೂ ಶಾಸನವಿದೆ. ಗಡಸು ಬೋರ್ ನೀರಿನ ಸುಣ್ಣದಂಶ ಮೂತಿಯ ಮೇಲೆ ತಿಂಗಳೊಪ್ಪತ್ತಿನಲ್ಲಿ ಬಿಳಿ ಲಿಪಿ ಕೊರೆಯಿತು. ಅಂಗಡಿಯವರು ಹೇಳದ್ದನ್ನೆಲ್ಲ ನೀರು ಅಲ್ಲಿ ಬರೆದಿತ್ತು: ಆರಿಸುವವರು ನೀವಲ್ಲ, ನಾನು. ಅದರ ಪಡಿಯಚ್ಚು ತೆಗೆಯಲು ಕಾಗದ ತರಹೋದೆ.

8. ಉಪಸಂಹಾರ

ಬರುವಷ್ಟರಲ್ಲಿ ಮನೆಯಾಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಆ ಶಾಸನವನ್ನು ಅಳಿಸಿದ್ದಳು. ನಳ ಫಳಫಳ ಹೊಳೆಯುತ್ತಿತ್ತು. ಆಕರ ಸಾಮಗ್ರಿ ನಾಶವಾದ ಕಾರಣ ಸಂಶೋಧನೆ ಇಲ್ಲಿಗೆ ನಿಂತಿದೆ. ಪಕ್ಕದಲ್ಲೇ ಗೋಡೆಗೆ 60 ರೂಪಾಯಿಯ ಪ್ಲಾಸ್ಟಿಕ್ ನಳವೊಂದನ್ನು ಅವಳೇ ಹಾಕಿಸಿದ್ದಾಳೆ. ಅದರ ಕೆಳಗೆ ಬಕೀಟು ಕೂಡುತ್ತದೆ.