ಲ್ಯಾಪ್‌ಟಾಪಿಗೆ ಝಳ ಹತ್ತಿತು!

ವೈಶಾಖದಲ್ಲಿ ಮಮದಾಪುರಕ್ಕೆ ಬಂದವರು ಮೊದಲು ಕೇಳುವುದು ನೀರು, ಆಮೇಲೆ ನೆರಳು, ಮೂರನೆಯದಾಗಿ ವೈಫೈ ಪಾಸ್‌ವರ್ಡು. ನೀರಿನ ಚಿಂತೆ ಮಾಡಿದವನು ಸಾಮಾನ್ಯನಲ್ಲ. ಈಗ ಗೋಲಗುಮ್ಮಟದಲ್ಲಿ ತಣ್ಣಗೆ ಮಲಗಿರುವ ಮಹಮ್ಮದ್ ಆದಿಲ್‌ಶಾಹನೇ 1633ರಲ್ಲಿ ಇಲ್ಲಿ ಕೆರೆ ಕಟ್ಟಿಸಿದ. ಊರಿಗೆ ಹೆಸರೂ ಅವನದೇ. ಅಷ್ಟಕ್ಕೆ ತೃಪ್ತಿಯಾಗದೆ 1651ರಲ್ಲಿ ರಾಜಧಾನಿ ವಿಜಯಪುರಕ್ಕೆ ಬೇಗಂ ತಲಾಬನ್ನೂ ಕೊಟ್ಟ. ಈ ಮನೆತನದವರಿಗೆ ನಮ್ಮ ಬಿಸಿಲಿನ ಮೇಲೆ ಎಂಥ ಸಿಟ್ಟಿತ್ತೆಂದರೆ, ವಿಜಯಪುರದ ಪೂರ್ವಕ್ಕಿರುವ ಕುಮಟಗಿಯ ಬೇಸಿಗೆ ಮಹಲಿನಲ್ಲಿ ಕೊಳವೆಗಳಿಂದ ನೀರೇರಿಸಿ, ಛಾವಣಿಯಿಂದ ತುಂತುರು ಬೀಳಿಸಿಕೊಂಡು ಕೂಡುತ್ತಿದ್ದರು. ಇವತ್ತು ಗೇಮ್ ಆಡುವ ಹುಡುಗರು ತಮ್ಮ ಕಂಪ್ಯೂಟರಿಗೆ ‘ವಾಟರ್ ಕೂಲಿಂಗ್’ ಹಾಕಿಸಿದೆವೆಂದು ಬೀಗುತ್ತಾರಲ್ಲ, ನಮ್ಮ ಜಿಲ್ಲೆಯಲ್ಲಿ ಅದು ನಾಕು ಶತಮಾನದ ಹಳೇ ಸುದ್ದಿ.

ವೈಫೈ ಮಾತ್ರ ಸುಲ್ತಾನರ ಲೆಕ್ಕಕ್ಕೆ ಬಂದಿರಲಿಲ್ಲ. ಅದರ ಜೊತೆಗೆ ಬಂದದ್ದು ಮನೆಯಿಂದಲೇ ಕೆಲಸ, ಕೆಲಸದ ಜೊತೆಗೆ ಬಂದದ್ದು ನಮ್ಮ ತಂಗಿಯ ಮಗ. ಬೆಂಗಳೂರಿನ ಕಂಪನಿಯ ಕೆಲಸವನ್ನು ಬಗಲಲ್ಲಿ ಇಟ್ಟುಕೊಂಡು ಬೇಸಿಗೆಗೆಂದೇ ಊರಿಗೆ ಇಳಿದ. ಮಾಳಿಗೆ ಮನೆಯ ಪಡಸಾಲೆ ಬಿಟ್ಟು, ಸಿಗ್ನಲ್ ಚೆನ್ನಾಗಿ ಬರುತ್ತದೆಂದು ಹಿತ್ತಲಿನ ಪತ್ರಾಸ್ ಕೋಣೆ ಆರಿಸಿಕೊಂಡ. ಆಯಿ ಹೊಲಿದ ಕೌದಿ ಹಾಸಿ, ಅದರ ಮೇಲೆ ತಾನು ಮಲಗಿ, ಪಕ್ಕದಲ್ಲಿ ಲ್ಯಾಪ್‌ಟಾಪನ್ನೂ ಮಲಗಿಸಿದ. ಹನ್ನೊಂದು ಗಂಟೆಗೆ ಅದು ಏದುಸಿರು ಬಿಡತೊಡಗಿತು. ಹನ್ನೆರಡಕ್ಕೆ ಪರದೆಯ ಮೇಲೆ ಸಾಹೇಬರ ಮುಖ ಬಾಯಿ ತೆರೆದಂತೆಯೇ ನಿಂತಿತು. ಒಂದಕ್ಕೆ ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

ಸುದ್ದಿ ಹಬ್ಬಿದ್ದೇ ತಡ, ಸಲಹೆಗಾರರ ಜಾತ್ರೆ ನೆರೆಯಿತು. ಮುತ್ಯಾ ಅಂದರು: “ಒಂದ್ ಹಸಿ ಅರಿವಿ ಹಾಕೋ ತಮ್ಮಾ ಅದರ ಮ್ಯಾಲ.” ಮಗ್ಗುಲ ಮನೆಯ ಕಾಕಾ ಹೇಳಿದ್ದು: “ಫ್ರಿಜ್ಜಿನ್ಯಾಗ ಅರ್ಧಾ ತಾಸ ಇಡು.” ಹಸಿ ಅರಿವೆ ಗಾಳಿಯ ದಾರಿಯನ್ನೂ ಮುಚ್ಚುತ್ತದೆ, ಒಳಗೆ ನೀರನ್ನೂ ಇಳಿಸುತ್ತದೆ. ಫ್ರಿಜ್ಜಿನಿಂದ ಹೊರಗೆ ತೆಗೆದ ಗಳಿಗೆಗೆ ತಂಪು ಲೋಹದ ಮೇಲೆ ಹನಿಗಟ್ಟಿ, ಬಿಸಿಲಿಗೆ ಸಾಯದ ಯಂತ್ರ ನೀರಿಗೆ ಸಾಯುತ್ತದೆ. ಸರಿಯಾಗಿ ಹೇಳಿದವಳು ಆಯಿ ಒಬ್ಬಳೇ: “ಅದಕ್ಕೂ ಒಂದಿಷ್ಟು ಉಸರ ಬಿಡಾಕ ಬಿಡೋ, ಮುಂಜಾನಿಂದ ದುಡಸಾಕತ್ತಿ.”

ಉಸಿರಿನದೇ ಪ್ರಶ್ನೆ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಪ್ರೊಸೆಸರ್ ಬಿಸಿಯಾದಾಗ ಆ ಬಿಸಿ ತಾಮ್ರದ ಕೊಳವೆಯಲ್ಲಿ ಹರಿದು, ತೆಳು ತಗಡಿನ ಪದರಗಳಿಗೆ ಬರುತ್ತದೆ. ಅಲ್ಲಿಂದ ಅದನ್ನು ಸಣ್ಣ ಫ್ಯಾನು ಹೊರಗೆ ನೂಕುತ್ತದೆ. ಬಹಳಷ್ಟು ಲ್ಯಾಪ್‌ಟಾಪುಗಳು ಗಾಳಿ ಎಳೆದುಕೊಳ್ಳುವುದು ತಳದಿಂದ, ಬಿಡುವುದು ಹಿಂದಿನಿಂದ ಇಲ್ಲವೇ ಮಗ್ಗುಲಿಂದ. ತಳವನ್ನು ಕೌದಿಯಲ್ಲಿ ಹೂತರೆ ಅದು ಎಲ್ಲಿಂದ ಎಳೆಯಬೇಕು? ಒಣದ್ರಾಕ್ಷಿ ಶೆಡ್ಡಿಗೆ ನಾಕೂ ಕಡೆ ತಾಡಪಾಲ ಬಿಗಿದು, ಹಣ್ಣು ಯಾಕೆ ಒಣಗಲಿಲ್ಲ ಎಂದು ಕೇಳಿದಂತಾಯಿತು. ಬಿಸಿ 100 ಡಿಗ್ರಿಯ ಹತ್ತಿರ ಬಂದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಯಂತ್ರ ಬಂದಾಗುತ್ತದೆ. ನಮ್ಮ ಹುಡುಗ ‘ಹ್ಯಾಂಗ್ ಆತು’ ಎಂದು ಅತ್ತದ್ದು ಅದು ಜೀವ ಉಳಿಸಿಕೊಳ್ಳುತ್ತಿದ್ದಾಗ.

ಇನ್ನೊಂದು ಸಂಗತಿ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದಿಲ್ಲ. ಆ್ಯಪಲ್‌ನವರು ತಮ್ಮ ಲ್ಯಾಪ್‌ಟಾಪನ್ನು 10ರಿಂದ 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿ ಅನ್ನುತ್ತಾರೆ. ಉಳಿದ ಬಹಳ ಕಂಪನಿಗಳ ಗಡಿಯೂ 35ರ ಆಜೂಬಾಜೂ. ಮೇ ತಿಂಗಳಿನಲ್ಲಿ 40 ಮುಟ್ಟುವ ನಮ್ಮ ಜಿಲ್ಲೆ ಆ ಲೆಕ್ಕದಲ್ಲಿ ಲ್ಯಾಪ್‌ಟಾಪುಗಳಿಗೆ ನಿಷಿದ್ಧ ಪ್ರದೇಶ. ಮನುಷ್ಯರಿಗೆ ಅಂಥ ಗಡಿ ಯಾರೂ ಬರೆದಿಲ್ಲದ್ದರಿಂದ ನಾವು ಬದುಕಿದ್ದೇವೆ.

ಸರಿ, ಲ್ಯಾಪ್‌ಟಾಪಿನ ಕೆಳಗಿಟ್ಟು ಗಾಳಿ ಬೀಸುವ ಕೂಲಿಂಗ್ ಪ್ಯಾಡ್ ತರೋಣವೆಂದು ಮಾವ-ಅಳಿಯ ಇಬ್ಬರೂ ವಿಜಯಪುರಕ್ಕೆ ಹೋದೆವು. ಅಂಗಡಿಯ ಹುಡುಗ ಒಂದು ಪ್ಯಾಡಿನ ಗುಂಡಿ ಒತ್ತಿದ. ಬಾರಾತಿನ ಗಾಡಿಗೂ ಅಷ್ಟು ಬೆಳಕು ಇರುವುದಿಲ್ಲ.

“ಆರು ಫ್ಯಾನ್ ಅದಾವ್ರಿ ಸರ, ಏಳು ಬಣ್ಣದ ಲೈಟ್ ಐತ್ರಿ.”

“ಗಾಳಿ ಎಷ್ಟ ಬರ್ತೈತಪಾ?”

“ಲೈಟ್ ಮಾತ್ರ ಭಾರಿ ಬರ್ತೈತ್ರಿ.”

ಪ್ರಾಮಾಣಿಕ ಹುಡುಗ. ಕೈ ಹಿಡಿದು ನೋಡಿದರೆ ಗಾಳಿ ಬೆರಳಿನ ಬೆವರು ಆರಿಸುವಷ್ಟೂ ಇಲ್ಲ. ಫ್ಯಾನಿನ ಸಂಖ್ಯೆಗೆ ಮರುಳಾಗಬಾರದು. ಸಣ್ಣ ಫ್ಯಾನು ದೊಡ್ಡದರಷ್ಟೇ ಗಾಳಿ ಕೊಡಬೇಕಾದರೆ ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿದರೆ ಜೋರಾಗಿ ಕೂಗುತ್ತದೆ, ಆಮೇಲೆ ಮೀಟಿಂಗಿನಲ್ಲಿ “ನಿಮ್ಮಲ್ಲಿ ಹಿಟ್ಟಿನ ಗಿರಣಿ ನಡೀತಿದೆಯಾ?” ಎಂದು ಸಾಹೇಬರು ಕೇಳುತ್ತಾರೆ. ವೇಗ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುವ ದೊಡ್ಡ ಫ್ಯಾನು ಒಂದೇ ಇದ್ದರೂ ಸಾಕು. ಆದರೆ ಅದು ಎಲ್ಲಿರಬೇಕು?

ಇದಕ್ಕೆ ಉತ್ತರ ಸಿಕ್ಕಿದ್ದು ಆ ದಿನ ಬರಿಗೈಲಿ ಮರಳಿದ ಮೇಲೆ, ಆಯಿಯ ಮೊರದಲ್ಲಿ. ಆಕೆ ಉಳ್ಳಾಗಡ್ಡಿ ಸುಲಿಯುತ್ತ ಕೂತಿದ್ದಳು. ಹುಡುಗ ಲ್ಯಾಪ್‌ಟಾಪ್ ಚಾಲೂ ಮಾಡಿ, ಫ್ಯಾನು ಕೂಗುವವರೆಗೆ ದುಡಿಸಿ, ಎರಡು ಪುಸ್ತಕದ ಮೇಲೆ ಎತ್ತರಿಸಿ ಇಟ್ಟ. ಒಂದು ಒಣ ಸಿಪ್ಪೆ ಎತ್ತಿಕೊಂಡು ತಳಕ್ಕೆ ಹಿಡಿದೆ. ನಡುವೆ ಬಿಟ್ಟರೆ ಬಿದ್ದುಹೋಯಿತು. ಎಡಕ್ಕೆ ಸರಿಸಿದೆ, ಬಿದ್ದಿತು. ಬಲಗಡೆ ಹಿಂಬದಿಯ ಜಾಲರಿಯ ಹತ್ತಿರ ಒಯ್ದೊಡನೆ ಚಟ್ಟನೆ ಅಂಟಿಕೊಂಡು ಸಣ್ಣಗೆ ನಡುಗುತ್ತ ನಿಂತಿತು. ಅಲ್ಲಿದೆ ಮೂಗು! ಅಂಗಡಿಯ ಆರು ಫ್ಯಾನುಗಳಲ್ಲಿ ಐದು ಆ ಮೂಗಿಗೆ ಸಂಬಂಧವೇ ಇಲ್ಲದ ಜಾಗಕ್ಕೆ ಬೀಸುತ್ತಿದ್ದವು. ಪ್ಯಾಡಿನ ಫ್ಯಾನು ಮೂಗಿನ ನೇರಕ್ಕೆ ಬರಬೇಕು, ಬೀಸಿದ ಗಾಳಿ ಮೇಲಕ್ಕೆ ಹೋಗಬೇಕು. ಹುಡುಗನ ಗೆಳೆಯನೊಬ್ಬನ ಬಳಿ ಮ್ಯಾಕ್‌ಬುಕ್ ಏರ್ ಇದೆ; ಅದರ 2020ರ ಎಂ1 ಮಾದರಿಗೆ ಒಳಗೆ ಫ್ಯಾನೇ ಇಲ್ಲ, ತಳದಲ್ಲಿ ಮೂಗೂ ಇಲ್ಲ. ಅಂಥವರು ಸಿಪ್ಪೆ ಹಿಡಿಯುವ ತೊಂದರೆ ತೆಗೆದುಕೊಳ್ಳುವುದು ಬೇಡ.

ಇನ್ನು ಕರೆಂಟಿನ ಮಾತು. ಬಹಳ ಪ್ಯಾಡುಗಳು ಯುಎಸ್‌ಬಿ ವಾಯರನ್ನು ಲ್ಯಾಪ್‌ಟಾಪಿಗೇ ಚುಚ್ಚಿ ಅದರ ರಕ್ತವನ್ನೇ ಕುಡಿಯುತ್ತವೆ. ಕುಡಿಯುವುದು ಎರಡು ಮೂರು ವ್ಯಾಟ್ ಅಷ್ಟೇ, ಆದರೂ ಲೈಟು ಹೋದಾಗ ಬ್ಯಾಟರಿಗೆ ಅದೂ ಭಾರ. ಹಳೇ ಮೊಬೈಲಿನ ಚಾರ್ಜರಿಗೆ ಚುಚ್ಚಿದರೆ ಮುಗಿಯಿತು.

ಸುತ್ತಲೂ ಸ್ಪಂಜಿನ ಅಂಚು ಹಾಕಿ, ಗಾಳಿ ಸೋರದಂತೆ ಒಳಕ್ಕೆ ಒತ್ತುವ ದುಬಾರಿ ಪ್ಯಾಡುಗಳೂ ಬಂದಿವೆ. ದಿನವಿಡೀ ಗೇಮ್ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಅವು ನಿಜಕ್ಕೂ ಕೆಲಸ ಮಾಡುತ್ತವೆ. ಎಕ್ಸೆಲ್ ತುಂಬುವವರು ಅದನ್ನು ಕೊಂಡರೆ ಅಂಗಡಿಯವರ ಮನೆಯಲ್ಲಿ ಹೋಳಿಗೆ.

ಆದರೆ ಯಾವ ಪ್ಯಾಡೂ ಮಂತ್ರವಾದಿಯಲ್ಲ. ಅದು ತಂಪು ತಯಾರಿಸುವುದಿಲ್ಲ, ಕೋಣೆಯಲ್ಲಿದ್ದ ಗಾಳಿಯನ್ನೇ ತಳ್ಳುತ್ತದೆ. ಪತ್ರಾಸಿನ ಕೆಳಗೆ 42 ಡಿಗ್ರಿ ಇದ್ದರೆ 42ರ ಗಾಳಿಯನ್ನೇ ಉಣಿಸುತ್ತದೆ. ಆದ್ದರಿಂದ ಮುತ್ಯಾ ಕೊನೆಗೆ ಕೊಟ್ಟ ತೀರ್ಪು ಎಲ್ಲ ಪ್ಯಾಡಿಗಿಂತ ಮೇಲು: “ಮಣ್ಣಿನ ಮಾಳಿಗಿ ಬಿಟ್ಟು ತಗಡಿನ ಬುಡಕ್ಕ ಯಾಕ್ ಕುಂತಿ?” ಪಡಸಾಲೆಗೆ ಬಂದು ಕೌದಿ ಬಿಟ್ಟು ಮಣೆಯ ಮೇಲೆ ಇಟ್ಟದ್ದಕ್ಕೇ ಅರ್ಧ ರೋಗ ಹೋಯಿತು. ಉಳಿದರ್ಧದಲ್ಲಿ ಹೆಚ್ಚಿನದು ಧೂಳು. ನಮ್ಮದು ಎರೆ ಭೂಮಿ. ಜೋಳದ ರಾಶಿಯ ದಿನಗಳ ಹೊಟ್ಟು ಧೂಳು ಮೂಗಿಗೆ ಮಾತ್ರ ಹೋಗುತ್ತದೆ ಅಂದುಕೊಂಡಿದ್ದೀರಾ? ಬಬಲೇಶ್ವರದಲ್ಲಿ ರಿಪೇರಿಯವನು ತಳ ಬಿಚ್ಚಿದಾಗ ತಗಡಿನ ಪದರಗಳ ನಡುವೆ ಬೂದು ಬಣ್ಣದ ಧೂಳು ಒತ್ತಾಗಿ ಕೂತಿತ್ತು. ಅದನ್ನು ಚಿಮುಟದಿಂದ ಎತ್ತಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೊಟ್ಟ. ಆಮೇಲೆ ದೊಡ್ಡ ಫ್ಯಾನು ಒಂದೇ ಇರುವ, ದೀಪಗಳಿಲ್ಲದ ಪ್ಯಾಡೂ ಬಂತು. ಇನ್ನೂ ಕೆಲವು ಡಿಗ್ರಿ ಇಳಿಯಿತು.

ಇಷ್ಟಾದ ಮೇಲೆ ನಮ್ಮ ಹುಡುಗನ ಮುಖ ಅರಳಬೇಕಿತ್ತು, ಬಾಡಿತು. “ಏನಾತೋ?” ಎಂದೆ. “ಮಾಮಾ, ಮೊದಲ ಮಧ್ಯಾಹ್ನದ ಮೀಟಿಂಗಿಗೆ ಸಿಸ್ಟಮ್ ಬಿಸಿ ಆಗೈತ್ರಿ ಅಂತಿದ್ದೆ. ಎರಡು ತಾಸ ನಿದ್ದಿ ಆಗ್ತಿತ್ತು. ಈಗ ಏನ್ ಹೇಳ್ಲಿ?” ಹೀಗಾಗಿ ಓದುಗರಿಗೆ ನನ್ನ ಮೊದಲ ಸಲಹೆಯನ್ನು ಕೊನೆಗೆ ಕೊಡುತ್ತಿದ್ದೇನೆ: ಪ್ಯಾಡ್ ಕೊಳ್ಳುವ ಮುಂಚೆ, ಲ್ಯಾಪ್‌ಟಾಪು ತಂಪಾಗುವುದು ನಿಮಗೆ ನಿಜಕ್ಕೂ ಬೇಕೋ ಬೇಡವೋ ಎಂದು ಊಟವಾದ ಮೇಲೆ ಒಮ್ಮೆ ಅಡ್ಡಾಗಿ ಯೋಚಿಸಿ.