ಕೇಳೋರಿದ್ದರೆ ಬರೆಯೋರ್ಯಾರು?

ಗಾಂಧಿ ಬಜಾರಿನಲ್ಲಿ ಬರೆದು ಮುಗಿಸಿದ ಕಾದಂಬರಿಗಳಿಗಿಂತ ಹೇಳಿ ಮುಗಿಸಿದ ಕಾದಂಬರಿಗಳೇ ಹೆಚ್ಚು. ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಕಾಯುವಾಗ ಮೊದಲ ಅಧ್ಯಾಯ, ದೋಸೆ ಬರುವಷ್ಟರಲ್ಲಿ ನಾಯಕನ ಮದುವೆ, ಬೈ ಟು ಕಾಫಿ ಹೊತ್ತಿಗೆ ಅವನ ಸಾವು. ಎದುರಿಗೆ ಕೂತವನು "ಅದ್ಭುತ ಕಣಯ್ಯಾ, ನೀನು ಬರೀಲೇಬೇಕು" ಅಂದುಬಿಟ್ಟರೆ ಪ್ರಶಸ್ತಿಯೂ ಬಂದ ಹಾಗೆ. ಇನ್ನು ಮನೆಗೆ ಹೋಗಿ ಬರೆಯೋದೇನು ಉಳೀತು? 1943ರಲ್ಲಿ ಶುರುವಾದ ಈ ಹೋಟೆಲು ಇಂಥ ಕಾದಂಬರಿಗಳನ್ನು ಎಷ್ಟು ಕೇಳಿದೆಯೋ! ಗೋಡೆ ಮೇಲಿನ ಚಿತ್ರಗಳಲ್ಲಿರುವ ಸಾಹಿತಿಗಳು ಮಾತ್ರ ಎಲ್ಲ ಕೇಳಿಸಿಕೊಂಡೂ ತುಟಿ ಬಿಚ್ಚಿಲ್ಲ. ಅವರು ಬರೆದವರು, ಅದಕ್ಕೇ ಗೋಡೆ ಮೇಲಿದ್ದಾರೆ. ನಾವು ಬೆಂಚಿನ ಮೇಲಿದ್ದೇವೆ.

ಮಾಸ್ತಿಯವರು ಜಾಣರು. ಗವಿಪುರದ ಮನೆಯಲ್ಲಿ ಕಥೆ, ಸಂಜೆ ಬಸವನಗುಡಿ ಕ್ಲಬ್ಬಿನಲ್ಲಿ ಇಸ್ಪೀಟು. ಎರಡನ್ನೂ ಬೆರೆಸಲಿಲ್ಲ. ನಿಸಾರ್ ಅಹಮದ್ ಅವರಂತೂ 1960ರಲ್ಲಿ ತಮ್ಮ ಮೊದಲ ಸಂಕಲನಕ್ಕೆ 'ಮನಸು ಗಾಂಧಿ ಬಜಾರು' ಅಂತಲೇ ಹೆಸರಿಟ್ಟರು. ಹೂವಿನವರು, ಹಣ್ಣಿನವರು, ಸ್ಕೂಟರಿನವರು ಎಲ್ಲರೂ ಒಟ್ಟಿಗೆ ನುಗ್ಗುವ ಮನಸ್ಸು ಅಂದರೆ ಯಾರಿಗೆ ತಿಳಿಯೋಲ್ಲ, ಹೇಳಿ?

ಈಗ ನಮ್ಮ ಅಕ್ಕನ ಮಗ ಒಬ್ಬ ಇದೇ ಬಜಾರಿನಿಂದ ತಪ್ಪಿಸಿಕೊಂಡು ಯುರೋಪಿನ ಯಾವುದೋ ಹಳ್ಳಿಗೆ ಹೋಗಿದ್ದಾನೆ. ರೆಸಿಡೆನ್ಸಿಯಂತೆ. ಅಂದರೆ ಊಟ, ವಸತಿ, ಕಿಟಕಿ ಪಕ್ಕ ಮೇಜು ಕೊಟ್ಟು, "ಬರೀರಿ, ನಾವೇನೂ ಕೇಳೋಲ್ಲ" ಅಂತಾರೆ. ಇಂಥ ಮರ್ಯಾದೆಯನ್ನು ನಮ್ಮ ಕಡೆ ಹೊಸ ಅಳಿಯನಿಗೂ ಮಾಡೋಲ್ಲ. ಸಂಜೆವರೆಗೆ ಅಲ್ಲಿ ಯಾರೂ ಯಾರನ್ನೂ ಮಾತಾಡಿಸಬಾರದು ಅನ್ನೋ ನಿಯಮ ಬೇರೆ. "ಏಕಾಗ್ರತೆ ಬೇಕು ಮಾವ" ಅಂತ ಹೊರಟವನು ಮೊದಲು ಮಾಡಿದ್ದೇನು? ಸುಬ್ಬಮ್ಮನ ಅಂಗಡಿಗೆ ಹೋಗಿ ಕೋಡುಬಳೆ, ಹುರಿಗಾಳು, ಚಟ್ನಿಪುಡಿ ಕಟ್ಟಿಸಿದ್ದು. ಸೂಟ್‌ಕೇಸಿನಲ್ಲಿ ಏಕಾಗ್ರತೆಗೆ ಜಾಗವೇ ಉಳೀಲಿಲ್ಲ.

ಹೋದ ಮೇಲೆ ದಿನಾ ಫೋನು. ಮೇಜು ಕಿಟಕಿ ಹತ್ತಿರ ಇದ್ದರೆ ಹೊರಗೆ ನೋಡಬೇಕು ಅನ್ನಿಸುತ್ತಂತೆ, ಗೋಡೆಗೆ ಸರಿಸಿದನಂತೆ. ಗೋಡೆ ನೋಡಿದರೆ ಮನೆ ನೆನಪಾಗುತ್ತಂತೆ, ಮತ್ತೆ ಕಿಟಕಿಗೆ. ಕಾಫಿ ನೀರಂತೆ. ಕರಿಬೇವು ಹುಡುಕಿಕೊಂಡು ಬಸ್ಸು ಹತ್ತಿ ಪಕ್ಕದ ಪೇಟೆಗೆ ಹೋಗಿದ್ದನಂತೆ. "ಇಲ್ಲಿ ಎಷ್ಟು ನಿಶ್ಶಬ್ದ ಅಂದ್ರೆ ಮಾವ, ತಲೆ ಒಳಗೆ ಸೊಪ್ಪಿನವಳ ಕೂಗು ಕೇಳ್ಸತ್ತೆ" ಅಂದ. ಹುಡುಗ ದಾರಿಗೆ ಬರ್ತಿದ್ದಾನೆ ಅಂದುಕೊಂಡೆ.

ಯಾಕಂದರೆ ಅನಂತಮೂರ್ತಿಯವರಿಗೆ ಆಗಿದ್ದೂ ಇದೇ ಅಲ್ಲವೆ? ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಪಿಎಚ್.ಡಿ.ಗೆ. ಸುತ್ತ ಇಂಗ್ಲಿಷು, ಕನ್ನಡದಲ್ಲಿ ಬಾಯಿ ಬಿಚ್ಚೋಕೆ ಹೆಚ್ಚು ಜನವಿಲ್ಲ. ಒಂದು ದಿನ ಮೇಷ್ಟ್ರು ಮ್ಯಾಲ್ಕಂ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಿದರು. ಪ್ಲೇಗಿನ ಕಾಲದ ಕಥೆ, ಸ್ವೀಡಿಷ್ ಮಾತು. ನೋಡಿ ಬಂದು ಬರೆದದ್ದು ಯುರೋಪಿನ ಬಗ್ಗೆಯಾ? ಮಲೆನಾಡಿನ ಅಗ್ರಹಾರ, ಸತ್ತ ಇಲಿಗಳು, ಸಂಸ್ಕಾರ ಕಾಣದ ನಾರಣಪ್ಪನ ಹೆಣ! 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯವರು 'ಸಂಸ್ಕಾರ' ಅಚ್ಚು ಹಾಕಿದರು. ಪಿಎಚ್.ಡಿ.ಯೂ ಮುಗಿಯಿತು ಅನ್ನಿ, ಆದರೆ ಅದನ್ನು ಕೇಳೋರು ಯಾರು? ಅದೇ ಅವರು ಆ ದಿನಗಳಲ್ಲಿ ಸಂಜೆ ಸಂಜೆ ನಮ್ಮ ಗಾಂಧಿ ಬಜಾರ್ ಸರ್ಕಲ್ಲಿನಲ್ಲಿ ನಿಂತಿದ್ದರೆ ಪ್ರಾಣೇಶಾಚಾರ್ಯರ ಕಥೆ ಕಾಫಿ ಜೊತೆ ಕರಗಿಹೋಗುತ್ತಿತ್ತು ಅನ್ನೋದು ನನ್ನ ಗುಮಾನಿ. ಬರೆಯೋಕೆ ಮೌನ ಬೇಡ ಸ್ವಾಮಿ, ಕೇಳೋರು ಇರಬಾರದು, ಅಷ್ಟೆ.

ಇದನ್ನು ಅಳಿಯನಿಗೆ ಹೇಳಿದೆ. ತಕ್ಷಣ ತಿರುಗಿಬಿದ್ದ. "ಹಾಗಾದ್ರೆ ಕಾರ್ನಾಡರು?"

ಪ್ರಶ್ನೆ ಸರಿಯಾಗೇ ಇತ್ತು. ಗಿರೀಶ ಕಾರ್ನಾಡರು 1987–88ರಲ್ಲಿ ಫುಲ್‌ಬ್ರೈಟ್ ಮೇಲೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಾಟಕಕಾರರಾಗಿ ತಂಗಿದ್ದರು. ಅಲ್ಲಿ ಹುಟ್ಟಿದ್ದು 'ನಾಗಮಂಡಲ' ನಾಟಕ. ಮುಂದೆ 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರಿನವರೂ ಅದನ್ನು ಆಡಿದರು. ಷಿಕಾಗೋದಲ್ಲಿ ಒಂಟಿತನವಾದರೂ ಎಲ್ಲಿತ್ತು? ಅಲ್ಲೇ ಪಾಠ ಹೇಳುತ್ತಿದ್ದವರು ಮೈಸೂರಿನ ಎ.ಕೆ. ರಾಮಾನುಜನ್. ನಾಟಕಕ್ಕೆ ಬುಡವಾದ ಎರಡು ಜನಪದ ಕಥೆಗಳನ್ನು ಕೊಟ್ಟವರೂ ಅವರೇ. ಒಂದು ನಿಮಿಷ ನಾನು ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು: "ಹೇಳಿದೋರು ರಾಮಾನುಜನ್ ಕಣೋ! ಕಾರ್ನಾಡರು ಕೇಳಿಸಿಕೊಂಡ್ರು. ನೀನು ಯಾವತ್ತಾದ್ರೂ ಯಾರ ಮಾತಾದ್ರೂ ಕೇಳಿಸಿಕೊಂಡಿದ್ದೀಯಾ?" ಆ ಕಡೆ ಸದ್ದಿಲ್ಲ.

ಇನ್ನೊಂದು ತಮಾಷೆ ನೋಡಿ. ನಾವು ಮೌನ ಬೇಕು ಅಂತ ಅತ್ತ ಓಡಿದರೆ, ಮ್ಯಾಕ್ಸ್‌ಮುಲ್ಲರ್ ಭವನದವರ ರೆಸಿಡೆನ್ಸಿಗೆ ಅಂತ ಜರ್ಮನಿಯ ಕಲಾವಿದರು ಬೆಂಗಳೂರಿಗೆ ಬರ್ತಾರೆ. ಅವರ ಊರಿನಲ್ಲಿ ಮೌನ ಜಾಸ್ತಿಯಾಗಿರಬೇಕು. ನಮ್ಮ ಹಾರನ್ನು, ಗಂಟೆ, ಮೆಟ್ರೋ ಅಗೆತ ಎಲ್ಲ ಅವರಿಗೆ ಕಲೆಯ ಸಾಮಗ್ರಿ. ನಮಗೆ ತಲೆನೋವು.

ಮೊನ್ನೆ ಸರಿರಾತ್ರಿ ಮತ್ತೆ ಫೋನು. ದನಿಯಲ್ಲೇ ಉತ್ಸಾಹ. "ಮಾವ, ಕೊನೆಗೂ ಒಂದು ಕಥೆ ಹೊಳೀತು. ದೊಡ್ಡ ಗಣಪತಿ ಗುಡಿ ಹತ್ರ ಕಡಲೆಕಾಯಿ ಪರಿಷೆ ನಡೀತಿರತ್ತೆ, ಒಬ್ಬ ಮುದುಕ..."

"ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಕಣೋ!" ಅಂತ ಕೂಗಿ ಕಟ್ ಮಾಡಿದೆ. ಕನ್ನಡ ಸಾಹಿತ್ಯಕ್ಕೆ ನಾನು ಮಾಡಿದ ಸೇವೆ ಅದೊಂದೇ.

ನಮ್ಮಾಕೆಗೆ ಕೋಪ ಬಂತು. "ಪಾಪ, ಅಲ್ಲಿ ಒಬ್ಬನೇ ಇದ್ದಾನೆ" ಅಂತ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಾನೇ ಅವನಿಗೆ ಫೋನ್ ಮಾಡಿ ಪೂರ್ತಿ ಕೇಳಿದಳು. ಕಥೆ ಬಹಳ ಚೆನ್ನಾಗಿದೆಯಂತೆ.