ಕಣ್ಣು ಮುಚ್ಚಬೇಕಲ್ಲ ತಂಗಿ

“ಅಕ್ಕಾರ, ಕಣ್ಣಿನ ಕೆಳಗ ಈ ಚೀಲ ಬಂದಾವಲ್ರೀ, ಆಪರೇಷನ್ ಮಾಡಿ ತಗೀತಾರಂತ. ಬೆಂಗಳೂರಾಗ ಅರ್ಧ ದಿನದ ಕೆಲಸ ಅಂತ ನಮ್ಮ ಮಗಳು ಫೋನಿನ್ಯಾಗ ತೋರಿಸಿದ್ಲು. ಮಾಡಿಸ್ಕೊಂಡ್ಬಿಡ್ಲೇನ್ರೀ?”

ಕಾಂಪೌಂಡಿನಾಚೆ ನಿಂತು ಕೇಳಿದವಳು ಪಕ್ಕದ ಮನೆಯ ತಂಗಿ. ಬಳ್ಳಾರಿ ಗಾಂಧಿನಗರದ ನಮ್ಮ ಓಣಿಯಲ್ಲಿ ಒಣಗಿದ ಬಟ್ಟೆ ತೆಗೆಯುವ ಹೊತ್ತಿಗೆ ಊರ ಮಾತೆಲ್ಲ ಒಂದು ಸುತ್ತು ಬರುತ್ತದೆ. ಆವತ್ತು ಬಂದದ್ದು ರೆಪ್ಪೆಯ ಮಾತು. ಮುಂದಿನ ತಿಂಗಳು ಅವಳ ಮಗಳ ಮದುವೆ. ನಿಶ್ಚಿತಾರ್ಥದ ಫೋಟೊದಲ್ಲಿ ಬೀಗಿತ್ತಿಯ ಪಕ್ಕ ನಿಂತ ತನ್ನ ಮುಖ ನೋಡಿಕೊಂಡಾಗಿನಿಂದ ಅವಳಿಗೆ ಸಮಾಧಾನವಿಲ್ಲ.

ಅವಳ ಆಸೆಯಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಐವತ್ತು ದಾಟಿದ ಹೆಂಗಸು ಚೆಂದ ಕಾಣಬೇಕೆಂದರೆ ಮೂಗು ಮುರಿಯುವವರ ಮಾತು ನಾನು ಯಾವತ್ತೂ ಒಪ್ಪಿಲ್ಲ. ಆದರೆ ಕಣ್ಣಿನ ವಿಷಯ ಬಂದರೆ ಎರಡು ಸಲ ಕೇಳಿ, ಮೂರು ಸಲ ಯೋಚಿಸಬೇಕು. ಅದಕ್ಕೇ ನಾನು ತಿರುಗಿ ಕೇಳಿದೆ: “ಈ ಬಾವು ಬೆಳಿಗ್ಗೆ ಜಾಸ್ತಿಯೋ, ಸಂಜೆ ಜಾಸ್ತಿಯೋ?”

“ಬೆಳಿಗ್ಗೇನ ರೀ ಜಾಸ್ತಿ. ಮಧ್ಯಾಹ್ನದಷ್ಟೊತ್ತಿಗೆ ಇಳೀತಾವ.”

ಹಾಗಿದ್ದರೆ ಕತ್ತರಿಯ ಮಾತು ಆಮೇಲೆ. ವಯಸ್ಸಾದಂತೆ ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬನ್ನು ಹಿಡಿದಿಟ್ಟ ತೆಳು ಪದರ ಹಳೆಯ ದಿಂಬಿನ ಗವಸಿನ ಹಾಗೆ ಸಡಿಲಾಗಿ, ಒಳಗಿನದು ಮುಂದಕ್ಕೆ ಉಬ್ಬುತ್ತದೆ. ಆ ಚೀಲ ಬೆಳಿಗ್ಗೆ ಸಂಜೆ ಎನ್ನದೆ ಇದ್ದಲ್ಲೇ ಇರುತ್ತದೆ. ಏಳುವಾಗ ಉಬ್ಬಿ ಹೊತ್ತೇರಿದಂತೆ ಇಳಿಯುವುದು ಹೆಚ್ಚಾಗಿ ನೀರು. ಉಪ್ಪು ಜಾಸ್ತಿ ತಿಂದದ್ದಕ್ಕೂ ಇರಬಹುದು, ಅಲರ್ಜಿಗೂ ಇರಬಹುದು. ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆಯೂ ಮೊದಲು ಕಣ್ಣಿನ ಸುತ್ತಲೇ ಕಾಣಿಸಿಕೊಳ್ಳಬಹುದು. ಥೈರಾಯ್ಡ್, ಕ್ರಿಯಾಟಿನಿನ್, ಸಕ್ಕರೆ, ಮೂತ್ರದಲ್ಲಿ ಪ್ರೊಟೀನು, ಇಷ್ಟನ್ನು ಮೊದಲು ನೋಡಿಸು ಎಂದೆ. ಇನ್ನು ಕಣ್ಣಿನ ಕೆಳಗಿನ ಕಪ್ಪು. ಅದು ನಮ್ಮ ಬಣ್ಣದ ಚರ್ಮದಲ್ಲಿ ಮನೆತನದಿಂದಲೇ ಬರುವುದುಂಟು. ಚೀಲ ತೆಗೆದರೆ ಕಪ್ಪು ಹೋಗುವುದಿಲ್ಲ. ಹೋಗುತ್ತದೆಂದು ನಂಬಿ ರೊಕ್ಕ ಕಟ್ಟಿದವರಿಗೆ ಆಮೇಲೆ ನೋವಾಗುತ್ತದೆ.

ಕುರುಗೋಡಿನ ಅವಳ ತವರಿನ ಮಾತೂ ಇಲ್ಲೇ ಬಂತು. ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಅವಳ ಅಣ್ಣನ ಮಗಳನ್ನು ನಾನೂ ನೋಡಿದ್ದೆ. ಕಣ್ಣು ಮೊದಲಿಗಿಂತ ದೊಡ್ಡದಾಗಿ, ಮೇಲಿನ ರೆಪ್ಪೆ ಹಿಂದಕ್ಕೆ ಸರಿದು, ಬೆದರಿದ ಹಾಗೆ ಕಾಣುತ್ತಿತ್ತು. ರೆಪ್ಪೆ ಸರಿಮಾಡಿಸಬೇಕೆಂದು ಮನೆಯವರು ಓಡಾಡಿದರು. ಕೊನೆಗೆ ತಿಳಿದದ್ದು ಥೈರಾಯ್ಡು. ಅಂಥವರಿಗೆ ಮೊದಲು ಥೈರಾಯ್ಡ್ ಹತೋಟಿಗೆ ಬರಬೇಕು. ಕಣ್ಣು ಬದಲಾಗುವುದು ನಿಂತು ಸುಮಾರು ಆರು ತಿಂಗಳಾದರೂ ಕಳೆಯಬೇಕು. ಅಲ್ಲಿಯವರೆಗೆ ರೆಪ್ಪೆಗೆ ಕೈಹಾಕುವುದಿಲ್ಲ. ಸಂಜೆಯಾದಂತೆ ರೆಪ್ಪೆ ಬೀಳುತ್ತಾ ಬಂದರೆ ಅದು ಸ್ನಾಯುವಿನ ರೋಗ ಇರಬಹುದು. ರೆಪ್ಪೆ ಏಕಾಏಕಿ ಬಿದ್ದು, ಒಂದು ವಸ್ತು ಎರಡಾಗಿ ಕಂಡರೆ, ಜೊತೆಗೆ ತಲೆನೋವೂ ಇದ್ದರೆ ಆ ಹೊತ್ತೇ ದೊಡ್ಡಾಸ್ಪತ್ರೆಗೆ ಓಡಬೇಕು. ಅದು ಚೆಂದದ ಪ್ರಶ್ನೆಯೇ ಅಲ್ಲ, ಜೀವದ ಪ್ರಶ್ನೆ.

“ಹಂಗಾದ್ರ ಸಿರುಗುಪ್ಪದ ನಮ್ಮ ಮಾವಾರಿಗೂ ರೆಪ್ಪಿ ಜೋತು ಬಿದ್ದಾವಲ್ರೀ?”

ನನಗೆ ನಿಜವಾಗಿ ಕಾಳಜಿ ಹುಟ್ಟಿದ್ದು ಅವರ ಮಾತು ಬಂದಾಗ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದೇ ಆಯುಷ್ಯ ಕಳೆದ ಮನುಷ್ಯ. ಮೇಲಿನ ರೆಪ್ಪೆಯ ಚರ್ಮ ಇಳಿದು ರೆಪ್ಪೆಗೂದಲನ್ನೇ ಮುಚ್ಚಿದೆ. ಹುಬ್ಬು ಸದಾ ಮೇಲಕ್ಕೆ, ಹಣೆಯ ತುಂಬ ಗೆರೆ, ಗದ್ದ ಎತ್ತಿಯೇ ಎದುರಿನವರ ಮುಖ ನೋಡುತ್ತಾರೆ. ಸಂಜೆಗೆ ಹಣೆ ನೋವು ಎನ್ನುತ್ತಾರೆ. ಮನೆಯವರು ವಯಸ್ಸಾಯಿತು ಎಂದು ಸುಮ್ಮನಿದ್ದಾರೆ. ಅವರಿಗೆ ಈ ಆಪರೇಷನ್ ಅಲಂಕಾರ ಅಲ್ಲ, ನೋಟದ ಚಿಕಿತ್ಸೆ. ದೃಷ್ಟಿಕ್ಷೇತ್ರದ ಪರೀಕ್ಷೆ ಎಂದಿದೆ. ಒಂದು ಸಲ ರೆಪ್ಪೆ ಇದ್ದ ಹಾಗೆ, ಇನ್ನೊಂದು ಸಲ ಅದನ್ನು ಎತ್ತಿ ಪಟ್ಟಿ ಅಂಟಿಸಿ ನೋಡಿದರೆ ಮೇಲುಗಡೆ ಎಷ್ಟು ಕಾಣದೆ ಹೋಗುತ್ತಿದೆ ಎಂಬುದು ಕಾಗದದ ಮೇಲೆ ಮೂಡುತ್ತದೆ. ಆ ಕಾಗದಕ್ಕೆ ಬೆಲೆಯಿದೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ ಎಂಬ ಷರತ್ತು ಇದ್ದೇ ಇರುತ್ತದೆ. ವೈದ್ಯಕೀಯವಾಗಿ ಅಗತ್ಯವೆಂದು ಡಾಕ್ಟರು ಬರೆದುಕೊಟ್ಟರೆ ಕೇಳಲು ದಾರಿಯಿದೆ. ಆದರೆ ಮಾಡಿಸುವ ಮೊದಲೇ ವಿಮೆಯವರಿಂದ ಬರಹದಲ್ಲಿ ಒಪ್ಪಿಗೆ ತರಿಸಬೇಕು.

ಮೇಲಿನ ರೆಪ್ಪೆಯ ಕೆಲಸ ಹೀಗೆ ನಡೆಯುತ್ತದೆ. ಕೂರಿಸಿ, ರೆಪ್ಪೆಯಲ್ಲಿ ಮೊದಲೇ ಇರುವ ಮಡಿಕೆಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಮಲಗಿದರೆ ಚರ್ಮ ಸರಿದು ಅಳತೆ ತಪ್ಪುತ್ತದೆ. ಸಣ್ಣ ಸೂಜಿಯಲ್ಲಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಹೆಚ್ಚಾದ ಚರ್ಮ ತೆಗೆದು ಹೊಲಿಗೆ ಹಾಕುತ್ತಾರೆ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ. ಗಾಯದ ಗೆರೆ ಮಡಿಕೆಯಲ್ಲಿ ಅಡಗುತ್ತದೆ. ಕೆಳಗಿನ ಚೀಲಕ್ಕಾದರೆ ಎಷ್ಟೋ ಸಲ ರೆಪ್ಪೆಯ ಒಳಬದಿಯಿಂದಲೇ ಕೊಬ್ಬನ್ನು ತೆಗೆಯುತ್ತಾರೆ ಇಲ್ಲವೆ ಸರಿಸುತ್ತಾರೆ. ಹೊರಗೆ ಗುರುತೇ ಇರುವುದಿಲ್ಲ.

ಕೇಳಲು ಹಗುರ. ಆದರೆ ರೆಪ್ಪೆ ಇರುವುದು ಮುಚ್ಚಲಿಕ್ಕೆ. ನಿದ್ದೆಯಲ್ಲಿ ಪೂರ್ತಿ ಮುಚ್ಚಬೇಕು, ಎಚ್ಚರದಲ್ಲಿ ನಿಮಿಷಕ್ಕೆ ಹತ್ತಾರು ಸಲ ಬಡಿದು ಕಣ್ಣೀರನ್ನು ಕಣ್ಣುಗುಡ್ಡೆಯ ಮೇಲೆಲ್ಲ ಸವರಬೇಕು. ದೇಹದಲ್ಲೇ ಅತಿ ತೆಳುವಾದ ಚರ್ಮ ಅದು, ಒಂದು ಮಿಲಿಮೀಟರೂ ಇಲ್ಲ. ಹುಬ್ಬಿನ ಅಂಚಿನಿಂದ ರೆಪ್ಪೆಗೂದಲಿನ ತನಕ ಸುಮಾರು 20 ಮಿಲಿಮೀಟರ್ ಚರ್ಮವಾದರೂ ಉಳಿಯಬೇಕೆಂಬುದು ಬಲ್ಲ ಡಾಕ್ಟರುಗಳ ಅಳತೆ. ಹೆಚ್ಚು ಕತ್ತರಿಸಿದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಕೆಳಗಿನ ರೆಪ್ಪೆಯಾದರೆ ಹೊರಕ್ಕೆ ಮಗುಚಿ ಸದಾ ನೀರು ಸುರಿಯುತ್ತದೆ. ಉಳಿದ ಚರ್ಮವನ್ನು ಇನ್ನೊಮ್ಮೆ ತೆಗೆಯಬಹುದು, ತೆಗೆದದ್ದನ್ನು ತಿರುಗಿ ಹಚ್ಚುವುದು ಬಹಳ ಕಷ್ಟ. ನನ್ನ ಕೇಳಿದರೆ, ಎಷ್ಟು ತೆಗೆಯುತ್ತೇನೆ ಎಂಬುದಕ್ಕಿಂತ ಎಷ್ಟು ಉಳಿಸುತ್ತೇನೆ ಎಂದು ಮೊದಲು ಹೇಳುವ ಡಾಕ್ಟರೇ ಒಳ್ಳೆಯ ಡಾಕ್ಟರು.

ನಮ್ಮ ಸೀಮೆಯವರಿಗೆ ಇನ್ನೊಂದು ಕಷ್ಟವಿದೆ. ಬಳ್ಳಾರಿಯ ಬಿಸಿಲು, ಅದಿರಿನ ಲಾರಿಗಳ ಕೆಂಪು ಧೂಳು, ಜೀನ್ಸ್ ಹೊಲಿಯುವ ಕಡೆ ಹಾರುವ ನೂಲಿನ ಪುಡಿ, ಕುರುಗೋಡಿನ ಕಡೆ ಮೆಣಸಿನಕಾಯಿ ಒಣಹಾಕಿ ತುಂಬು ಬಿಡಿಸುವಾಗಿನ ಘಾಟು. ಇಲ್ಲಿ ಕಣ್ಣು ಉರಿಯದ ಮನೆ ಸಿಗುವುದು ಕಷ್ಟ. ಕಣ್ಣು ಮೊದಲೇ ಒಣಗಿದ್ದರೆ ರೆಪ್ಪೆಯ ಆಪರೇಷನ್ ಆದಮೇಲೆ ಉರಿ ಹೆಚ್ಚುತ್ತದೆ. ಕೆಳರೆಪ್ಪೆಯಲ್ಲಿ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ನೆನೆಯಿತೆಂದು ನೋಡುವ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಕನ್ನಡಕ ಬಿಡಲೆಂದು ಲೇಸರ್ ಮಾಡಿಸಿಕೊಂಡವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕಣ್ಣು ತಿಕ್ಕುವ ಚಾಳಿಯೂ ನಿಲ್ಲಬೇಕು. ತಿಕ್ಕಿ ತಿಕ್ಕಿಯೇ ರೆಪ್ಪೆ ಸಡಿಲಾಗುವುದುಂಟು.

“ಕಣ್ಣೇ ಹೋಗಾಂಗಿಲ್ಲಲ್ರೀ?” ಎಂದಳು, ದನಿ ಇಳಿಸಿ.

ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಬಹಳ ಅಪರೂಪ, ಆದರೆ ಇಲ್ಲವೆಂದಲ್ಲ. ಕಣ್ಣುಗುಡ್ಡೆಯ ಹಿಂದೆ ರಕ್ತ ಸೋರಿ ಕಟ್ಟಿಕೊಂಡರೆ ನೋಟದ ನರ ಅದುಮಿಹೋಗುತ್ತದೆ. ತಡೆಯಲಾಗದ ನೋವು, ಗುಡ್ಡೆ ಮುಂದೆ ಬಂದಂತೆ ಬಿಗಿತ, ನೋಟ ಮಂಜಾಗುವುದು, ಇವು ಅದರ ಸೂಚನೆ. ಆಗ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ. ಈ ಅಪಾಯ ಹೆಚ್ಚಾಗಿ ಇರುವುದು ಮೊದಲ ದಿನ. ಅದಕ್ಕೇ ನಮ್ಮೂರಿನವರಿಗೆ ಒತ್ತಿ ಹೇಳುತ್ತೇನೆ: ಬೆಳಿಗ್ಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬರಬೇಡಿ. ಗುಂತಕಲ್ಲಿನ ಹತ್ತಿರ ನಡುರಾತ್ರಿ ಕಣ್ಣು ಬಿಗಿದರೆ ಯಾರನ್ನು ಎಬ್ಬಿಸುತ್ತೀರಿ? ಆಸ್ಪತ್ರೆಯ ಹತ್ತಿರವೇ ಒಂದೆರಡು ರಾತ್ರಿ ಇದ್ದು, ಮರುದಿನ ತೋರಿಸಿಯೇ ಹೊರಡಬೇಕು. ರಾತ್ರಿ ಫೋನ್ ಎತ್ತುವ ಡಾಕ್ಟರ ನಂಬರು ಕೈಯಲ್ಲಿರಬೇಕು.

ರಕ್ತ ತೆಳುವಾಗಿಸುವ ಮಾತ್ರೆಯ ವಿಚಾರ ಇನ್ನೂ ನಾಜೂಕು. ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಿನ್ನುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಹಾಗೆಂದು ತಾವಾಗಿಯೇ ನಿಲ್ಲಿಸಿದರೆ ಹೃದಯಕ್ಕೆ ಕುತ್ತು. ಕಣ್ಣಿನ ಡಾಕ್ಟರೂ ಹೃದಯದ ಡಾಕ್ಟರೂ ಮಾತಾಡಿಕೊಂಡು ತೀರ್ಮಾನಿಸಬೇಕು. ಮೀನೆಣ್ಣೆಯ ಗುಳಿಗೆ, ಇ ವಿಟಮಿನ್, ನಾಟಿ ಔಷಧಿ, ತಿನ್ನುವುದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಬಿಪಿ, ಸಕ್ಕರೆ ಹತೋಟಿಯಲ್ಲಿರಬೇಕು. ಬೀಡಿ ಸಿಗರೇಟು ಸೇದುವವರ ಗಾಯ ತಡವಾಗಿ ಮಾಯುತ್ತದೆ.

ಯಾರ ಹತ್ತಿರ ಮಾಡಿಸಬೇಕು? ಕಣ್ಣಿನ ಆಪರೇಷನ್ ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು. ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದ ಆ ಪುಣ್ಯಾತ್ಮರಿಗೆ 1968ರಲ್ಲಿ ಪದ್ಮಭೂಷಣ ಬಂತು. ಆ ನಂಬಿಕೆ ಎಷ್ಟು ಗಟ್ಟಿಯೆಂದರೆ ಬಿಳಿ ಕೋಟು ಹಾಕಿದವರೆಲ್ಲ ನಮಗೆ ಒಂದೇ ಎನಿಸಿಬಿಡುತ್ತದೆ. ಹಾಗಲ್ಲ. ಕಣ್ಣಿನ ವಿಷಯದಲ್ಲಿ ಎಂ.ಎಸ್. ಮಾಡಿ ಆಮೇಲೆ ಆಕ್ಯುಲೋಪ್ಲಾಸ್ಟಿಯಲ್ಲಿ, ಅಂದರೆ ರೆಪ್ಪೆ ಸರಿಮಾಡುವ ಕೆಲಸದಲ್ಲಿ, ತರಬೇತಿ ಪಡೆದವರು, ಇಲ್ಲವೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿ ರೆಪ್ಪೆಯ ಕೆಲಸದಲ್ಲಿ ಕೈ ಪಳಗಿದವರು ಬೇಕು. ಬ್ಯೂಟಿ ಪಾರ್ಲರಿನ ಮೇಲಿನ ಮಹಡಿಯಲ್ಲಿ ಬೋರ್ಡು ಹಾಕಿಕೊಂಡವರು ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರಲ್ಲ, ವಯಸ್ಸು ಬರೀ 21. ಅಲ್ಲಿ ಸರಿಯಾದ ಸಲಕರಣೆ ಇರಲಿಲ್ಲವೆಂದು ಮನೆಯವರು ಅತ್ತದ್ದನ್ನು ನಾವೆಲ್ಲ ನೋಡಿದೆವು. ಅದು ರೆಪ್ಪೆಯ ಆಪರೇಷನ್ ಅಲ್ಲ, ನಿಜ. ಆದರೂ ಬಾಗಿಲಲ್ಲೇ ಕೇಳಬೇಕಾದ ಪ್ರಶ್ನೆ ಅದೇ: ಏನಾದರೂ ಕೆಟ್ಟರೆ ಇಲ್ಲಿ ಏನು ವ್ಯವಸ್ಥೆ ಇದೆ? ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ಆ ಪತ್ರ ತೋರಿಸಿ ಎಂದು ಕೇಳಲು ನಾಚಿಕೆ ಬೇಡ. ಡಾಕ್ಟರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇದೆಯೇ ಎಂದೂ ನೋಡಬಹುದು.

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. 1961ರಲ್ಲಿ ಶುರುವಾದ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಈಗಲೂ ಎಲ್ಲರ ಬಾಯಲ್ಲಿ ವಿಮ್ಸೇ, ಅಲ್ಲಿ ಕಣ್ಣಿನ ವಿಭಾಗವಿದೆ. ರೆಪ್ಪೆಯ ಪರಿಣತರು ಬೇಕೆಂದು ಅವರೇ ಹೇಳಿದರೆ ಬೆಂಗಳೂರಿನ ಮಿಂಟೋ ಇದೆ, 1896ರಿಂದ ನಡೆದುಬಂದದ್ದು, ಹೈದರಾಬಾದಿನ ಎಲ್.ವಿ. ಪ್ರಸಾದ್ ಇದೆ, ಹುಬ್ಬಳ್ಳಿಯೂ ದೂರವಲ್ಲ. ಖರ್ಚನ್ನು ಬಾಯಿಮಾತಲ್ಲಿ ಒಪ್ಪಬಾರದು. ಡಾಕ್ಟರ ಫೀಸು, ಥಿಯೇಟರು, ಔಷಧಿ, ಒಂದು ಕಣ್ಣು ಮೇಲುಕೆಳಗಾಗಿ ಮತ್ತೆ ಸರಿಮಾಡಬೇಕಾದರೆ ಅದರ ಹಣ, ಎಲ್ಲವೂ ಕಾಗದದಲ್ಲಿ ಬರಲಿ.

“ಮದುವಿ ಮುಂದಿನ ತಿಂಗಳಲ್ರೀ…”

ಬೇಡ ತಂಗಿ. ಬಾವು, ಕಂದು ಕಲೆ ಇಳಿಯಲು ಎರಡು ವಾರ ಬೇಕು. ಕಣ್ಣು ತನ್ನ ರೂಪಕ್ಕೆ ಕೂರಲು ಕೆಲವು ತಿಂಗಳು. ಬಾವು ಇಳಿಯುವ ತನಕ ತಲೆ ಎತ್ತರಿಸಿ ಮಲಗಬೇಕು, ಬಗ್ಗಿ ಕೊಡ ಎತ್ತಬಾರದು, ಕಾಡಿಗೆ ಹಚ್ಚಬಾರದು, ಬಿಸಿಲಿಗೆ ಕಪ್ಪು ಕನ್ನಡಕ ಬೇಕು. ಮದುವೆ ಮನೆಯಲ್ಲಿ ಒಲೆಯ ಹೊಗೆ, ನಿದ್ದೆಗೇಡು, ಮಗಳನ್ನು ಕಳಿಸುವಾಗಿನ ಅಳು. ಹೊಸ ಹೊಲಿಗೆ ಅದನ್ನೆಲ್ಲ ತಾಳುವುದಿಲ್ಲ. ಮದುವೆ ಮುಗಿಯಲಿ. ರಕ್ತದ ವರದಿ ಚೆನ್ನಾಗಿ ಬಂದು, ಆಗಲೂ ನಿನಗೇ ಬೇಕೆನಿಸಿದರೆ, ಬೀಗಿತ್ತಿಗಾಗಿ ಅಲ್ಲ, ಆಗ ಹೋಗೋಣ; ನಾನೂ ಜೊತೆಗೆ ಬರುತ್ತೇನೆ.

ಆದರೆ ಮಾವನವರದ್ದು ತಡಮಾಡಬೇಡ. ಈ ವಾರವೇ ಅವರನ್ನು ಸಿರುಗುಪ್ಪದಿಂದ ಕರೆಸಿ ಕಣ್ಣಿನ ಒಪಿಡಿಗೆ ಕರೆದುಕೊಂಡು ಹೋಗು. ಅವರು ತಿನ್ನುವ ಮಾತ್ರೆಗಳ ಚೀಟಿಯನ್ನೂ, ಹತ್ತು ವರ್ಷ ಹಿಂದಿನ ಅವರ ಫೋಟೊ ಒಂದನ್ನೂ ಮರೆಯದೆ ಇಟ್ಟುಕೋ. ರೆಪ್ಪೆ ಯಾವಾಗಿನಿಂದ, ಎಷ್ಟು ಇಳಿದಿದೆ ಎಂಬುದು ಡಾಕ್ಟರಿಗೆ ಆ ಫೋಟೊದಲ್ಲಿ ಕಾಣುತ್ತದೆ.